ಅಟ್ಟದ ಹಿಂದಿನ ಹಿತ್ತಾಳೆ

ಅಡುಗೆಮನೆಯ ಅಟ್ಟ ಕೆಡವಲು ಎರಡು ಸಾವಿರ. ಹಿಂದಿನ ಗೋಡೆಯನ್ನು ಮೂರಡಿ ಆಚೆಗೆ ಕಟ್ಟಲು ಇಟ್ಟಿಗೆ, ಸಿಮೆಂಟು, ಮರಳು, ಸಾಗಾಟ ಎಲ್ಲ ಸೇರಿ ಇಪ್ಪತ್ತೆರಡು ಸಾವಿರ. ಮೇಸ್ತ್ರಿಗೂ ಅವನ ಜೊತೆಯವನಿಗೂ ದಿನಗೂಲಿ ಬೇರೆ, ಹೊತ್ತುಹೊತ್ತಿಗೆ ಚಹಾ ಬೇರೆ. ಎರಡು ಉರಿಯ ಒಲೆ ಹೋಗಿ ನಾಲ್ಕು ಉರಿಯದ್ದು ಬರಬೇಕಾದರೆ ಒಂಬತ್ತು ಸಾವಿರ. ಇದರಲ್ಲಿ ಮುಕ್ಕಾಲು ಪಾಲು ಸೊಸೆ ಕೂಡಿಟ್ಟದ್ದು, ಉಳಿದದ್ದು ಮಗ ಸಂಬಳದ ಮೇಲೆ ಮುಂಗಡ ತಂದದ್ದು. ಅಜ್ಜ ಕೊಟ್ಟದ್ದು ಸಲಹೆ ಮಾತ್ರ. ಅದಕ್ಕೆ ಖರ್ಚಿರಲಿಲ್ಲ, ಕೊರತೆಯೂ ಇರಲಿಲ್ಲ.

ಸೊಸೆ ಊಟದ ಡಬ್ಬಿ ಕಟ್ಟುತ್ತಿದ್ದಳು. ದಿನಕ್ಕೆ ನಲವತ್ತು ಡಬ್ಬಿ; ಅರ್ಧ ಪ್ರಿಂಟಿಂಗ್ ಪ್ರೆಸ್ಸಿಗೆ, ಅರ್ಧ ಔಷಧಿ ಗೋದಾಮಿಗೆ. ಅನ್ನ, ಬೇಳೆ, ಒಂದು ತರಕಾರಿ, ವಾರದಲ್ಲಿ ಎರಡು ದಿನ ಮೊಟ್ಟೆ. ಗೋದಾಮಿನವರು ಇನ್ನೂ ನಲವತ್ತು ಕೇಳುತ್ತಿದ್ದರು. ಆದರೆ ಆ ಅಡುಗೆಮನೆಯಲ್ಲಿ ಅತ್ತೆ ಹಿಂದಕ್ಕೆ ತಿರುಗಬೇಕಾದರೆ ಸೊಸೆ ಹೊರಗೆ ಬರಬೇಕು, ಅಷ್ಟು ಇಕ್ಕಟ್ಟು. ಗೋಡೆ ಸರಿಯದೆ ಡಬ್ಬಿ ಹೆಚ್ಚುವಂತಿರಲಿಲ್ಲ. ಎರಡು ವರ್ಷ ಹೇಳಿ ಹೇಳಿ ಸಾಕಾಗಿ, ಕೊನೆಗೆ ಅವಳೇ ಮೇಸ್ತ್ರಿಯನ್ನು ಕರೆದುಕೊಂಡು ಬಂದಳು.

ಮನೆ ಅಜ್ಜಿಯ ತವರುಮನೆ. ಅಜ್ಜ ಮನೆ ಅಳಿಯನಾಗಿ ಬಂದವರು. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ಅರಗಳ ಪೆಟ್ಟಿಗೆ ಹಿಡಿದು ಬಂದು, ಬೀದಿಯ ತುದಿಯಲ್ಲಿ ಬೀಗ ರಿಪೇರಿಯ ಗೂಡಂಗಡಿ ಇಟ್ಟರು. ಈಗ ಎಪ್ಪತ್ತು ದಾಟಿದೆ. ಕಣ್ಣಿಗೆ ಭೂತಗನ್ನಡಿ ಬೇಕು. ಆದರೂ ದಿನಾ ಅಂಗಡಿ ತೆರೆಯುತ್ತಾರೆ. ಬೀದಿಯವರಿಗೆಲ್ಲ ಅವರು ಬೀಗದಜ್ಜ. ಮಗನಿಗೆ ಬೀಗದ ಕೆಲಸ ಹತ್ತಲಿಲ್ಲ. ಬಣ್ಣದ ಅಂಗಡಿಯಲ್ಲಿ ಗಿರಾಕಿಗಳಿಗೆ ಬಣ್ಣ ಬೆರೆಸಿ ಕೊಡುವ ಕೆಲಸ ಮಾಡುತ್ತಾನೆ. ಮೊಮ್ಮಗಳು ಒಂಬತ್ತನೆಯ ತರಗತಿ. ಒಂದು ಗಳಿಗೆ ಸುಮ್ಮನಿರದೆ ಮಾತಾಡುವುದರಿಂದ ಎಲ್ಲರೂ ಗುಬ್ಬಿ ಎನ್ನುತ್ತಾರೆ.

ಕೆಲಸ ಶುರುವಾದ ಎರಡನೆಯ ದಿನ ಅಟ್ಟದ ಹಲಗೆ ಕಿತ್ತಾಗ, ಹಲಗೆಗೂ ಗೋಡೆಗೂ ನಡುವಿನ ಸಂದಿನಿಂದ ಏನೋ ದೊಪ್ಪೆಂದು ಬಿತ್ತು. ಮೇಸ್ತ್ರಿ ಕಾಲು ಎತ್ತಿದ್ದರಿಂದ ಕಾಲು ಉಳಿಯಿತು.

"ಅಮ್ಮಾ, ನಿಮ್ಮ ಮನೆ ಗೋಡೇಲಿ ಏನೋ ಇಟ್ಟಿದೀರಲ್ಲ!" ಎಂದು ಕೂಗಿದ.

ಕೊಳೆತ ಬಟ್ಟೆ ಬಿಡಿಸಿ ನೋಡಿದರೆ ಹಿತ್ತಾಳೆಯದೊಂದು ಡಬ್ಬಿ. ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಒಂದು ಕಡೆ ನೆಟ್ಟಗೆ, ಇನ್ನೊಂದು ಕಡೆ ದುಂಡಗೆ. ಕೆಳಗಿನ ಅರ್ಧಕ್ಕೂ ಮೇಲಿನ ಅರ್ಧಕ್ಕೂ ನಡುವೆ ಉಗುರು ಹೋಗದಷ್ಟು ಬಿಗಿ. ಸುತ್ತ ಒಂದು ಕಬ್ಬಿಣದ ಚೌಕಟ್ಟು, ಮೇಲಿಂದ ಒತ್ತಿ ಹಿಡಿದ ದಪ್ಪನೆಯ ತಿರುಪು. ತಿರುಪಿನ ತಲೆ ಚೌಕ, ಹಿಡಿ ಇಲ್ಲ. ತುಕ್ಕು ಹಿಡಿದು ತಿರುಪೂ ಚೌಕಟ್ಟೂ ಒಂದೇ ಆಗಿದ್ದವು. ಅಲ್ಲಾಡಿಸಿದರೆ ಸದ್ದಿಲ್ಲ. ತೂಕ ಮಾತ್ರ ಆ ಗಾತ್ರಕ್ಕೆ ಮೀರಿದ್ದು.

ಆ ಸಂಜೆ ಅದು ಊಟದ ಮೇಜಿನ ನಡುವೆ ಕೂತಿತ್ತು. ಸಾರಿನ ಪಾತ್ರೆಗೆ ಜಾಗವಿಲ್ಲದೆ ಸೊಸೆ ಅದನ್ನು ಕೈಯಲ್ಲೇ ಹಿಡಿದು ಬಡಿಸಿದಳು.

"ಬಾಂಬ್ ಇರಬಹುದಾ ಅಜ್ಜಾ?" ಗುಬ್ಬಿ ಕೇಳಿದಳು.

"ಬಾಂಬಿಗೆ ಯಾರಾದ್ರೂ ಹಿತ್ತಾಳೆ ಹಾಕ್ತಾರೇನೇ? ಉಣ್ಣು."

"ಮೇಸ್ತ್ರಿ ಸೋಪಿನ ಅಚ್ಚು ಅಂದ."

"ಅವನಿಗೆ ಇಟ್ಟಿಗೆ ಬಿಟ್ರೆ ಎಲ್ಲಾ ಸೋಪೇ." ಅಜ್ಜ ಭೂತಗನ್ನಡಿ ಹಿಡಿದು ಡಬ್ಬಿಯನ್ನು ತಿರುಗಿಸಿದರು. ತಟ್ಟೆಯಲ್ಲಿ ಅನ್ನ ಆರುತ್ತಿತ್ತು. "ಇದು ಬೀಗದ ಕೆಲಸ. ಜೋಡಣೆ ನೋಡು, ಕೂದಲು ಹೋಗಲ್ಲ. ಈ ತಿರುಪು ಕಣ್ಣಿಗೆ ಮಣ್ಣೆರಚೋಕೆ ಇಟ್ಟಿದ್ದು. ಒಳಗೆ ಇನ್ನೊಂದು ಕೊಂಡಿ ಇರುತ್ತೆ."

ಮಗ ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದ. "ಅಪ್ಪಾ, ಹಳೇ ಸಾಮಾನಿಗೆ ಈಗ ಎಷ್ಟು ಬೆಲೆ ಗೊತ್ತಾ? ಮೊನ್ನೆ ಒಬ್ಬರ ಮನೇಲಿ ಹಳೇ ದುರ್ಬೀನು ಸಿಕ್ಕಿ, ಅದನ್ನ ಮಾರಿ ಮನೆ ಮೇಲೆ ಮನೆ ಕಟ್ಟಿದ್ರಂತೆ."

"ಯಾರು ಹೇಳಿದ್ದು?" ಸೊಸೆ ಕೇಳಿದಳು.

"ಫೋನಲ್ಲಿ ಬಂದಿತ್ತು."

"ಫೋನಲ್ಲಿ ದಿನಾ ಬೆಳಿಗ್ಗೆ ನಂಗೆ ಒಂದು ಕೋಟಿ ಲಾಟರಿನೂ ಬರುತ್ತೆ."

"ನಿಮ್ಮಪ್ಪಂದೇ ಇದು," ಎಂದರು ಅಜ್ಜ, ಅಜ್ಜಿಯ ಕಡೆ ತಿರುಗಿ. "ಬದುಕಿರೋ ತನಕ ಕಬ್ಬಿಣದ ಪೆಟ್ಟಿಗೆ ಕೀಲಿ ಸೊಂಟದಿಂದ ಬಿಚ್ಚಲಿಲ್ಲ ಪುಣ್ಯಾತ್ಮ. ಅಳಿಯ ಬೀಗ ತೆಗೆಯೋನು ಅಂತ ಭಯ. ಗೋಡೇಲೂ ಬಚ್ಚಿಟ್ಟಿದಾರೆ ನೋಡು."

ಅಜ್ಜಿ ಡಬ್ಬಿಯನ್ನು ನೋಡಿದ್ದು ಒಂದೇ ಸಲ. ಆಮೇಲೆ ಗಂಡನಿಗೆ ಅನ್ನ ಕಲಸಿ ಮೆತ್ತಗೆ ಮಾಡಿಕೊಟ್ಟರು. ಅಜ್ಜನ ಬಾಯಲ್ಲಿ ಉಳಿದದ್ದು ನಾಲ್ಕೇ ಹಲ್ಲು, ಅವೂ ಒಂದಕ್ಕೊಂದು ಎದುರುಬದುರಿಲ್ಲ. ಕಟ್ಟಿಸಿಕೊಳ್ಳಿ ಅಂತ ಮಗ ಎಷ್ಟೋ ಸಲ ಹೇಳಿದ್ದ. "ಬಾಯಲ್ಲಿ ಸುಳ್ಳು ಇಟ್ಕೊಂಡು ತಿರುಗೋನಲ್ಲ ನಾನು" ಎನ್ನುತ್ತಿದ್ದರು. ಅದರ ಬೆನ್ನಿಗೇ ಕೇಳುವವರು ಯಾರಿದ್ದರೂ ಹೇಳುವ ಮಾತು ಒಂದಿತ್ತು: "ನನ್ನವಳನ್ನ ನೋಡಿ. ಅರವತ್ತೇಳು. ಒಂದು ಹಲ್ಲು ಅಲ್ಲಾಡಿಲ್ಲ. ನಮ್ಮಮ್ಮ ಆ ಹಲ್ಲು ನೋಡಿಯೇ ಒಪ್ಪಿದ್ದು."

ಮಾರನೆಯ ದಿನ ಮಗ ಅಂಗಡಿಗೆ ಹೋಗುವ ಮುಂಚೆ ಮೇಸ್ತ್ರಿಗೆ ಕೆಲಸ ನಿಲ್ಲಿಸಲು ಹೇಳಿದ. ಒಂದು ಸಿಕ್ಕ ಗೋಡೆಯಲ್ಲಿ ಇನ್ನೊಂದು ಇರಬಹುದು. ಇದಕ್ಕೆ ಒಳ್ಳೆಯ ಬೆಲೆ ಬಂದರೆ ಮೂರಡಿ ಯಾಕೆ, ಕಾಂಪೌಂಡಿನ ತನಕ ಹೋಗಿ ಮೇಲೊಂದು ಕೋಣೆಯನ್ನೂ ಎತ್ತಬಹುದು, ಅದಕ್ಕೆ ಪಾಯವೇ ಬೇರೆ ಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರಿಗೆ ಬಟ್ಟೆಯ ಕೊರತೆ ಇರುವುದಿಲ್ಲ. ಮೇಸ್ತ್ರಿ ತಲೆ ಕೆರೆದುಕೊಂಡು, ಕರಣೆ ತೊಳೆದು, ಬೇರೆ ಕಡೆ ಕೆಲಸಕ್ಕೆ ಹೋದ. ಅಡುಗೆಮನೆಗೆ ಮೂರು ಗೋಡೆ ಉಳಿದವು.

ಸೊಸೆ ಒಲೆಯನ್ನು ಹಿತ್ತಲಿಗೆ ತಂದು, ಬಟ್ಟೆ ಒಣಗಿಸುವ ತಂತಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಅದರ ಕೆಳಗೆ ಅಡುಗೆ ಶುರು ಮಾಡಿದಳು.

"ಎಷ್ಟು ದಿನ?" ಎಂದು ಗಂಡನನ್ನು ಕೇಳಿದಳು.

"ಅಪ್ಪ ತೆಗೆಯೋ ತನಕ. ಎರಡು ದಿನ."

"ಕಬ್ಬಿಣ ಕೊಯ್ಯೋ ಅಂಗಡಿಗೆ ಕೊಟ್ರೆ ಐದು ನಿಮಿಷ."

"ಅಪ್ಪನ ಎದುರಿಗೆ ಆ ಮಾತು ಹೇಳು ನೋಡೋಣ."

ಅವಳು ಹೇಳಿಯೇ ಬಿಟ್ಟಳು. ಅಜ್ಜ ಅರ ಕೆಳಗಿಟ್ಟರು. "ಒಡೆಯೋದು ಕಳ್ಳನ ಕೆಲಸ ತಾಯೀ, ತೆರೆಯೋದು ನಮ್ಮ ಕೆಲಸ. ಐವತ್ತು ವರ್ಷದಲ್ಲಿ ಒಂದು ಬೀಗ ಕೊಯ್ದಿಲ್ಲ ನಾನು. ನಮ್ಮ ಮನೆ ಬೀಗಾನೇ ಕೊಯ್ದ ಅಂತ ಬೀದೀಲಿ ಅನ್ನಿಸ್ಕೊಳ್ಳಲಾ?"

ಅಲ್ಲಿಗೆ ಆ ಮಾತು ಮುಗಿಯಿತು. ಡಬ್ಬಿಯನ್ನು ಸೀಮೆಎಣ್ಣೆ ತುಂಬಿದ ತಗಡಿನ ಪಾತ್ರೆಯಲ್ಲಿ ಮುಳುಗಿಸಿ, ದಿನಾ ಸಂಜೆ ಹೊರತೆಗೆದು, ತಿರುಪಿನ ಚೌಕ ತಲೆಗೆ ಸರಿಹೊಂದುವ ಕೀಲಿಯೊಂದನ್ನು ಅರದಿಂದ ಉಜ್ಜಿ ಉಜ್ಜಿ ಮಾಡುವುದು ಅಜ್ಜನ ಕೆಲಸವಾಯಿತು.

ಅದು ಬೀಗವಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ಅಜ್ಜಿಗೆ ಒಬ್ಬರಿಗೇ.

ಹದಿನಾರನೆಯ ವಯಸ್ಸಿನಲ್ಲಿ ತುಂಬಿದ ಕೊಡ ಹೊತ್ತು ಮೆಟ್ಟಿಲಿಳಿಯುವಾಗ ಜಾರಿ ಬಿದ್ದು ಅವರ ಮುಂದಿನ ನಾಲ್ಕು ಹಲ್ಲು ಮುರಿದಿದ್ದವು. ಆಗ ಅದೇ ಮನೆಯಲ್ಲಿದ್ದ ಸೋದರಮಾವ ಹಲ್ಲು ಕಟ್ಟುವವರ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮೇಣ ಕಚ್ಚಿಸಿ, ಅಚ್ಚು ತೆಗೆದು, ಮನೆಯಲ್ಲೇ ಅಂಗುಳಿಗೆ ಕೂರುವ, ನಾಲ್ಕು ಹಲ್ಲಿನ ಒಂದು ತಟ್ಟೆ ಮಾಡಿಕೊಟ್ಟ. ವಿಷಯ ಹೊರಗೆ ಹೋಗಬಾರದೆಂದು ಅವರಮ್ಮ ಕಟ್ಟಪ್ಪಣೆ ಮಾಡಿದರು. ಹಲ್ಲಿಲ್ಲದ ಹುಡುಗಿಯನ್ನು ಯಾರು ಒಪ್ಪುತ್ತಾರೆ? ಗಂಡಿನ ಕಡೆಯವರು ನೋಡಲು ಬಂದಾಗ ಹುಡುಗನ ತಾಯಿ, "ಹಲ್ಲು ಮುತ್ತು ಜೋಡಿಸಿದ ಹಾಗಿದೆ" ಅಂದರು. ಆ ದಿನದಿಂದ ಅಜ್ಜಿ ಬಾಯಿಗೆ ಕಾವಲು ಕೂತರು. ಎಲ್ಲರಿಗಿಂತ ಮೊದಲು ಏಳುವುದು, ಬಚ್ಚಲಿನ ಬಾಗಿಲು ಹಾಕಿಕೊಂಡು ತೊಳೆಯುವುದು, ಹಣ್ಣನ್ನು ಕಚ್ಚದೆ ಕೊಯ್ದು ತಿನ್ನುವುದು. ಏಳೆಂಟು ವರ್ಷಕ್ಕೊಮ್ಮೆ ತಂಗಿಯ ಊರಿಗೆ ಹೋಗಿ ಬರುವುದು. ತಂಗಿಯ ಮೇಲೆ ಇಷ್ಟು ಪ್ರೀತಿ ಎಂದು ಅಜ್ಜ ನಗುತ್ತಿದ್ದರು. ಹಲ್ಲಿನ ತಟ್ಟೆ ಸವೆದು ಅಲ್ಲಿ ಹೊಸದು ಕಟ್ಟಿಸಬೇಕಾದಾಗಲೇ ಅಜ್ಜಿಗೆ ತಂಗಿ ನೆನಪಾಗುತ್ತಿದ್ದುದು.

ಈಗ ಹೇಳಿದರೆ, ಬಾಯಲ್ಲಿ ಸುಳ್ಳು ಇಟ್ಟುಕೊಂಡು ತಿರುಗೋನಲ್ಲ ಎನ್ನುವ ಗಂಡ ಏನೆಂದಾನು? ಹೇಳದಿದ್ದರೆ ಸೊಸೆ ಹಿತ್ತಲಲ್ಲಿ ಹೊಗೆ ಕುಡಿಯಬೇಕು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅಜ್ಜಿ ಸುಮ್ಮನಿದ್ದರು. ಸುಮ್ಮನಿದ್ದುದಕ್ಕೆ ತಪ್ಪುಕಾಣಿಕೆಯೋ ಎಂಬಂತೆ ತರಕಾರಿಯನ್ನೆಲ್ಲ ತಾವೇ ಹೆಚ್ಚಿದರು, ನಲವತ್ತು ಡಬ್ಬಿಯನ್ನೂ ತಾವೇ ತೊಳೆದರು.

"ಅತ್ತೆ, ಬಿಡಿ, ಕೈ ನೋವಾಗುತ್ತೆ."

"ಆಗ್ಲಿ ಬಿಡು."

ಎರಡು ದಿನ ಎಂದದ್ದು ಎರಡು ವಾರವಾಯಿತು. ಭಾನುವಾರ ಮಗ ಹಳೆಯ ಸಾಮಾನಿನ ಅಂಗಡಿಯವನನ್ನು ಮನೆಗೇ ಕರೆದುಕೊಂಡು ಬಂದ. ಆತ ಡಬ್ಬಿಯನ್ನು ಮೂಸಿ ನೋಡಿದ, ಕೈಯಲ್ಲಿ ತೂಗಿ ನೋಡಿದ, ಕೊಟ್ಟ ಚಹಾ ಪೂರ್ತಿ ಕುಡಿದ.

"ಹಡಗಿನ ಕಡೆಯದ್ದಿರಬೇಕು," ಅಂದ.

"ಹಡಗಲ್ಲಿ ಏನು ಮಾಡ್ತಾರೆ ಇದರಲ್ಲಿ?" ಸೊಸೆ ಕೇಳಿದಳು.

"ಅದು ಹಡಗಿನವರಿಗೇ ಗೊತ್ತು ಅಕ್ಕಾ."

"ಬೆಲೆ?"

"ಮುಚ್ಚಿದ್ರೆ ಒಂದು, ತೆರೆದ್ರೆ ಒಂದು. ಒಳಗೆ ಏನೂ ಇಲ್ಲ ಅಂತಾದ್ರೆ ತೂಕದ ಲೆಕ್ಕ. ನನ್ನ ಕೇಳಿದ್ರೆ ತೆರೆಯದೇ ಇರೋದೇ ಲಾಭ. ತೆರೆಯೋ ತನಕ ಏನು ಬೇಕಾದ್ರೂ ಇರಬಹುದು."

"ಹಾಗಾದ್ರೆ ತೆರೆಯದೇ ನೀವೇ ತಗೊಳ್ಳಿ, ಲಾಭ ಮಾಡ್ಕೊಳ್ಳಿ."

ಆತ ನಕ್ಕು ಎದ್ದ. "ಅಕ್ಕ ವ್ಯಾಪಾರ ಚೆನ್ನಾಗಿ ಮಾಡ್ತಾರೆ," ಎಂದು ಮಗನಿಗೆ ಹೇಳಿ ಹೋದ.

ಮೂರನೆಯ ವಾರ ಗಾಳಿ ಎದ್ದಿತು. ಒಡೆದ ಗೋಡೆಯ ಪುಡಿ, ರಾಶಿ ಹಾಕಿದ ಮರಳು ಎಲ್ಲ ಹಿತ್ತಲ ತುಂಬ ಹಾರಿತು. ಪ್ಲಾಸ್ಟಿಕ್ ಹಾಳೆ ಒಂದು ಸಲ ಹರಿದು ಬೇಳೆಯ ಪಾತ್ರೆಯ ಮೇಲೇ ಬಿತ್ತು. ಆ ದಿನ ಬೇಳೆ ಚೆಲ್ಲಿ ಮತ್ತೆ ಬೇಯಿಸಿದ್ದಕ್ಕೆ ಡಬ್ಬಿ ತಡವಾಯಿತು. ಮರುದಿನ ಗೋದಾಮಿನ ಮೇಲ್ವಿಚಾರಕ ಫೋನ್ ಮಾಡಿದ.

"ಅಮ್ಮಾ, ಊಟದಲ್ಲಿ ಕಲ್ಲು ಸಿಕ್ತು. ಒಂದಲ್ಲ, ಮೂರು ಜನಕ್ಕೆ."

"ಮನೆ ಕೆಲಸ ನಡೀತಿದೆ ಸಾರ್. ಸ್ವಲ್ಪ ದಿನ..."

"ನೀವು ಮನೆ ಕಟ್ಟಿಸಿ ಅಮ್ಮಾ, ಬೇಡ ಅನ್ನಲ್ಲ. ಆದ್ರೆ ನಮ್ಮ ಊಟದಲ್ಲಿ ಕಟ್ಟಬೇಡಿ. ಸೋಮವಾರದಿಂದ ಬೇರೆಯವರಿಗೆ ಹೇಳಿದೀನಿ."

ಇಪ್ಪತ್ತು ಡಬ್ಬಿ ಹೋಯಿತು. ಸೊಸೆ ಅಳಲಿಲ್ಲ. ಬರಿದಾದ ಇಪ್ಪತ್ತು ಡಬ್ಬಿಯನ್ನು ತೊಳೆದು, ಒರೆಸಿ, ಒಂದರ ಮೇಲೊಂದು ಜೋಡಿಸಿ ಊಟದ ಮೇಜಿನ ನಡುವೆ, ಹಿತ್ತಾಳೆ ಡಬ್ಬಿಯ ಪಕ್ಕದಲ್ಲೇ ಇಟ್ಟಳು. ರಾತ್ರಿ ಊಟಕ್ಕೆ ಕೂತವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ.

"ಏನಿದು ಕೋಟೆ?" ಅಜ್ಜ ಕೇಳಿದರು.

"ಅವೂ ಹಳೇ ಸಾಮಾನೇ ಮಾವ. ಬೆಲೆ ಬರುತ್ತಾ ಕೇಳಿ."

ಆಗ ಅಜ್ಜಿ ಸಾರಿನ ಸೌಟು ಕೆಳಗಿಟ್ಟು, "ಅದು ಬೀಗ ಅಲ್ಲ. ಹಲ್ಲು ಕಟ್ಟೋ ಅಚ್ಚು. ನಮ್ಮ ಮಾವಂದು. ತೆಗೆದು ಹಳೇ ಪಾತ್ರೆಯವನಿಗೆ ಹಾಕಿ," ಎಂದರು.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಜ್ಜ ಒದೆಯಲಿಲ್ಲ, ನಕ್ಕರು.

"ಹಲ್ಲಿನ ಅಚ್ಚಂತೆ! ಹಲ್ಲಿಗೆ ಇಷ್ಟು ದಪ್ಪ ತಿರುಪು ಯಾಕೆ? ಕಚ್ಚಿಬಿಡುತ್ತೆ ಅಂತಲಾ?"

"ನಂಗೆ ಗೊತ್ತು. ನೋಡಿದೀನಿ."

"ನೋಡಿದ್ರೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

ಅಜ್ಜಿ ಸೌಟು ಮತ್ತೆ ಎತ್ತಿಕೊಂಡರು. ಇದ್ದ ಉತ್ತರ ಹೇಳುವಂತಿರಲಿಲ್ಲ.

"ನೋಡಿದ್ಯೇನೋ," ಎಂದು ಅಜ್ಜ ಮಗನಿಗೆ ಹೇಳಿದರು, ಈ ಸಲ ನಗದೆ. "ಅಪ್ಪನ ಮಾನ ಮುಚ್ಚೋಕೆ ಮಾವನ ಹೆಸರು ಹೇಳ್ತಿದಾಳೆ. ಅಳಿಯನಿಂದ ಬಚ್ಚಿಟ್ಟಿದ್ದು ಅಳಿಯನ ಕೈಗೇ ಸಿಗ್ತಲ್ಲ ಅಂತ. ನಲವತ್ತೈದು ವರ್ಷ ಆಯ್ತು ಈ ಮನೆಗೆ ಬಂದು. ಇನ್ನೂ ನಾನು ಹೊರಗಿನವನು."

"ಹಾಗಲ್ಲ ರೀ..."

"ನೀನು ಒಲೆ ನೋಡ್ಕೋ. ಲೋಹದ ವಿಷಯ ನಂಗೆ ಬಿಡು."

"ಒಲೆ ಎಲ್ಲಿದೆ ಮಾವ, ನೋಡ್ಕೊಳ್ಳೋಕೆ?" ಎಂದಳು ಸೊಸೆ.

"ನೀನು ಸುಮ್ಮನಿರು," ಎಂದ ಮಗ.

"ಮೂರು ವಾರದಿಂದ ಸುಮ್ಮನೇ ಇದೀನಲ್ಲ!"

ಗುಬ್ಬಿ ತಟ್ಟೆ ಎತ್ತಿಕೊಂಡು ಅಂಗಳಕ್ಕೆ ಹೋಗಿ ಉಂಡಳು. ಜಗಳದಲ್ಲಿ ಅನ್ನ ಇಳಿಯುವುದಿಲ್ಲ ಎಂದು ಆ ಮನೆಯಲ್ಲಿ ಮೊದಲು ಕಲಿತವಳು ಅವಳು.

ಶನಿವಾರ ಬೆಳಿಗ್ಗೆ, ತಿಂಡಿಯ ಹೊತ್ತಿಗೆ, ಸೊಸೆ ಒಲೆಯನ್ನು ಗೋಣಿಚೀಲದಲ್ಲಿ ಸುತ್ತಿ ಹಗ್ಗ ಕಟ್ಟುತ್ತಿದ್ದಳು. ಬಾಗಿಲಲ್ಲಿ ಎರಡು ಬ್ಯಾಗು ಇದ್ದವು, ಒಂದು ಅವಳದು, ಒಂದು ಗುಬ್ಬಿಯದು.

"ಇದೇನು?" ಮಗ ಕೇಳಿದ.

"ನಮ್ಮಕ್ಕನ ಮನೇಲಿ ಅಡುಗೆಮನೆ ಖಾಲಿ ಇದೆ. ಗೋಡೆ ನಾಲ್ಕಿದೆ. ಪ್ರೆಸ್ಸಿನ ಇಪ್ಪತ್ತು ಡಬ್ಬಿ ಅಲ್ಲಿಂದ ಕಳಿಸ್ತೀನಿ. ಅದೂ ಹೋಗೋ ಮುಂಚೆ."

"ಮಗಳು?"

"ಸ್ಕೂಲು ಅಲ್ಲಿಂದಲೇ ಹತ್ತಿರ."

"ಎಷ್ಟು ದಿನಕ್ಕೆ?"

"ನಿಮ್ಮಪ್ಪ ತೆಗೆಯೋ ತನಕ. ಎರಡು ದಿನ ಅಂದಿದ್ರಲ್ಲ."

ಮಗ ತಂದೆಯ ಕಡೆ ನೋಡಿದ. ಅಜ್ಜ ತಟ್ಟೆಯಲ್ಲಿ ಬ್ರೆಡ್ಡನ್ನು ಚಹಾದಲ್ಲಿ ನೆನೆಸುತ್ತಿದ್ದರು. ಪಕ್ಕದಲ್ಲೇ ಹಿತ್ತಾಳೆಯ ಡಬ್ಬಿ, ಅದರ ಕೀಲಿ ಸಿದ್ಧವಾಗಿತ್ತು. ಆದರೆ ತಿರುಪು ಅಲುಗಿರಲಿಲ್ಲ.

"ಹೋಗೋರನ್ನ ತಡೆಯೋಕಾಗುತ್ತಾ," ಎಂದರು ಅಜ್ಜ. "ಬರ್ತಾರೆ. ಬೀಗ ಅವಸರ ಮಾಡಿದ್ರೆ ಕೀಲಿ ಮುರಿಯುತ್ತೆ."

ಅಜ್ಜಿ ಬಾಗಿಲ ಹತ್ತಿರ ಹೋಗಿ ಬ್ಯಾಗು ಎರಡನ್ನೂ ಒಳಗೆ ತಂದಿಟ್ಟರು. ಮೇಜಿನ ಹತ್ತಿರ ಬಂದರು. ಗಂಡನ ಎದುರಿಗೆ ನಿಂತು ಬಾಯಿಗೆ ಎರಡು ಬೆರಳು ಹಾಕಿ, ಒಮ್ಮೆ ಎಳೆದು, ನಾಲ್ಕು ಹಲ್ಲಿನ ತಟ್ಟೆಯನ್ನು ತೆಗೆದು ಹಿತ್ತಾಳೆಯ ಡಬ್ಬಿಯ ಮೇಲೆ ಇಟ್ಟರು. ಡಬ್ಬಿಯ ದುಂಡಿಗೂ ತಟ್ಟೆಯ ದುಂಡಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಅಜ್ಜನ ಕೈಯಲ್ಲಿದ್ದ ಬ್ರೆಡ್ಡು ನೆನೆದು ಚಹಾದೊಳಗೇ ಬಿತ್ತು.

"ಅಮ್ಮಾ!" ಎಂದ ಮಗ.

"ಅಜ್ಜೀ, ನಿಂದು... ಅದು..." ಗುಬ್ಬಿಗೂ ಒಂದು ಸಲ ಮಾತು ನಿಂತಿತು.

"ಹಲ್ಲು ಕಟ್ಟೋ ಅಚ್ಚು ಅಂದೆನಲ್ಲ," ಎಂದರು ಅಜ್ಜಿ. ಮಾತಿನ ನಡುವೆ ಗಾಳಿ ಹೋಗುತ್ತಿತ್ತು. ಮುಖ ಬೇರೆ ಯಾರದೋ ಎಂಬಂತೆ ಮೇಲ್ದುಟಿ ಒಳಕ್ಕೆ ಕುಸಿದಿತ್ತು. "ನಂಬಲಿಲ್ಲ ನೀವು. ನೋಡಿ ಈಗ."

"ಯಾವಾಗಿಂದ?" ಅಜ್ಜ ಕೇಳಿದರು.

"ಮದುವೆಗೆ ಮುಂಚಿಂದ. ಕೊಡ ಹೊತ್ಕೊಂಡು ಬಿದ್ದಿದ್ದೆ."

"ನಮ್ಮಮ್ಮ ನೋಡಿದಾಗ..."

"ಅವರು ನೋಡಿದ್ದೂ ಮಾವ ಕಟ್ಟಿದ್ದೇ."

"ಸುಳ್ಳು."

"ಸುಳ್ಳೇ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಮ್ಮಮ್ಮ ನಾಲ್ಕೇ ಹೇಳಿದ್ದು." ಅಜ್ಜಿ ಕುರ್ಚಿ ಎಳೆದು ಕೂತರು. "ಈ ಡಬ್ಬಿ ಒಳಗಿರೋದು ಎರಡನೇದು. ಒಂದು ಮುರಿದ್ರೆ ಇನ್ನೊಂದಿರಲಿ ಅಂತ ಮಾವ ಮಾಡ್ತಿದ್ದ. ಅಚ್ಚು ಕಟ್ಟಿ, ತಿರುಪು ಬಿಗಿದು, ಪಾತ್ರೇಲಿ ಹಾಕಿ ಕುದಿಸಬೇಕು. ಅಷ್ಟು ಹೊತ್ತಿಗೆ ನೀವು ಹೆಣ್ಣು ನೋಡೋಕೆ ಬಂದ್ರಿ. ಮಧ್ಯಾಹ್ನ ಬರ್ತೀವಿ ಅಂದೋರು ಬೆಳಿಗ್ಗೆನೇ ಬಂದ್ರಿ. ನಿಮ್ಮಮ್ಮ ನೆಟ್ಟಗೆ ಅಡುಗೆಮನೆಗೇ ಬಂದ್ರು. ಒಲೆ ಮೇಲೆ ಏನು ಕುದೀತಿದೆ ಅಂತ ಕೇಳಿದ್ರು. ನಮ್ಮಮ್ಮ ಬೇಳೆ ಅಂದ್ರು."

ಅಜ್ಜ ಚಹಾ ಪಕ್ಕಕ್ಕೆ ಸರಿಸಿ, "ಆವತ್ತು ಬೇಳೆ ಬಡಿಸಲೇ ಇಲ್ಲ," ಎಂದರು.

"ಎಲ್ಲಿಂದ ಬಡಿಸೋದು?"

"ದಾರಿ ತುಂಬ ಅಮ್ಮ ಅದೇ ಹೇಳ್ತಿದ್ಳು. ಕುದೀತಿದ್ದ ಬೇಳೆ ಏನಾಯ್ತು, ಎಲೆಗೆ ಬರಲೇ ಇಲ್ಲ, ಜಿಪುಣರು ಅಂತ."

"ನಿಮ್ಮಮ್ಮ ಹೊರಗೆ ಹೋದ ತಕ್ಷಣ ನಮ್ಮಮ್ಮ ಬಟ್ಟೇಲಿ ಹಿಡಿದು ಅಟ್ಟದ ಹಿಂದಕ್ಕೆ ತಳ್ಳಿದ್ರು. ಸುಡ್ತಾ ಇತ್ತು. ಮಾವ ಆಮೇಲೆ ತಗೊಂಡು ಹೋದ ಅಂದ್ಕೊಂಡಿದ್ದೆ. ಆ ತಿಂಗಳೇ ಅವನು ಊರು ಬಿಟ್ಟ."

ಸೊಸೆ ಹಗ್ಗದ ತುದಿ ಹಿಡಿದುಕೊಂಡೇ ನಿಂತಿದ್ದಳು. ಎಲ್ಲರಿಗಿಂತ ಮೊದಲು ನಕ್ಕದ್ದು ಅವಳು. ನಗು ತಡೆಯಲಾಗದೆ ಗೋಣಿಚೀಲದ ಮೇಲೆ ಕೂತುಬಿಟ್ಟಳು. ಗುಬ್ಬಿ ನಕ್ಕಳು. ಅಜ್ಜಿ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಆಮೇಲೆ ಕೈ ತೆಗೆದರು.

ಅಜ್ಜ ನಗಲಿಲ್ಲ.

"ನಂಗೆ ಮೊದಲೇ ಹೇಳಿದ್ರೆ ಏನಾಗ್ತಿತ್ತು?"

"ಹೇಳಿದ್ರೆ ಒಪ್ತಿದ್ರಾ?"

ಅಜ್ಜ ಯೋಚಿಸಿದರು. ಅವರು ಬೀಗದ ವಿಷಯದಲ್ಲಿ ಹೇಗೋ ಮಾತಿನ ವಿಷಯದಲ್ಲೂ ಹಾಗೇ, ಅವಸರ ಮಾಡುವವರಲ್ಲ.

"ಇಲ್ಲ," ಎಂದರು.

"ಅದಕ್ಕೇ ಹೇಳಲಿಲ್ಲ."

ಅಜ್ಜ ಎದ್ದು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು. ಚಹಾ ಹಾಗೇ ಉಳಿಯಿತು. ಮಗ ಮೇಸ್ತ್ರಿಗೆ ಫೋನ್ ಹಚ್ಚಿದ.

"ಬರೀ ಮೂರಡಿ ಸಾಕು," ಎಂದು ಅವನು ಹೇಳುವುದು ಸೊಸೆಗೆ ಕೇಳಿಸಿತು. "ಇಲ್ಲ, ಮೇಲೆ ಕೋಣೆ ಗೀಣೆ ಏನೂ ಇಲ್ಲ. ಯಾವಾಗ ಬರ್ತೀಯಾ?"

ಮೇಸ್ತ್ರಿ ಹಿಡಿದ ಕೆಲಸ ಮುಗಿಸಿ ಬರಬೇಕೆಂದು ಇನ್ನೂ ಒಂದು ವಾರ ಕಾಯಿಸಿದ. ಕೂಲಿಯನ್ನೂ ಸ್ವಲ್ಪ ಏರಿಸಿದ. ಆ ವಾರ ಸೊಸೆ ಅಕ್ಕನ ಮನೆಗೆ ಹೋಗಲಿಲ್ಲ. ಬ್ಯಾಗು ಬಿಚ್ಚಿ, ಒಲೆಯನ್ನು ನಡುಮನೆಗೆ ತಂದು, ಕಿಟಕಿ ತೆರೆದಿಟ್ಟು ಅಲ್ಲೇ ಬೇಯಿಸಿದಳು. ಮೊದಲೇ ಹಾಗೆ ಮಾಡಬಹುದಿತ್ತು. ಆದರೆ ಆಗ ಗೋಡೆಗೆ ಹೊಗೆ ಹಿಡಿಯುತ್ತದೆಂದು ಮಗ ಬೇಡ ಅಂದಿದ್ದ. ಈಗ ಅವನು ಏನೂ ಅನ್ನಲಿಲ್ಲ. ಬಣ್ಣದ ಅಂಗಡಿಯವನಿಗೆ ಗೋಡೆ ಬಳಿಯುವುದು ದೊಡ್ಡ ಮಾತೂ ಅಲ್ಲ.

ಅಜ್ಜ ಆ ದಿನಗಳಲ್ಲಿ ಹೆಂಡತಿಯ ಜೊತೆ ಬೇಕಾದಷ್ಟೇ ಮಾತಾಡಿದರು. ನೀರು, ಉಪ್ಪು, ಕನ್ನಡಕ. ಅನ್ನ ಕಲಸಿ ಕೊಡಲು ಬಂದರೆ, "ಇರ್ಲಿ, ನಾನೇ ಕಲಸ್ಕೋತೀನಿ" ಅಂದರು. ಅಜ್ಜಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಅಜ್ಜಾ, ಕೋಪಾನಾ?" ಗುಬ್ಬಿ ಕೇಳಿದಳು.

"ಊರಿಗೆಲ್ಲ ಹೇಳ್ಕೊಂಡು ಬಂದೆ ನಾನು. ಬ್ಯಾಂಕಿನ ಮ್ಯಾನೇಜರಿಗೆ ಹೇಳಿದೀನಿ. ಹಾಲಿನವನಿಗೆ ಹೇಳಿದೀನಿ."

"ಅವರು ವಾಪಸ್ಸು ಕೇಳ್ತಾರಾ?"

ಅಜ್ಜ ಅವಳ ತಲೆಗೆ ಮೊಟಕಿದರು, ಮೆತ್ತಗೆ.

ತಿರುಪು ಅಲುಗಿದ್ದು ಹೊಸ ಗೋಡೆಗೆ ಗಿಲಾವು ಬಳಿಯುವ ದಿನ. ಅಜ್ಜ ಕೆಲಸ ಬಿಟ್ಟಿರಲಿಲ್ಲ. ಬೀಗವೋ ಅಲ್ಲವೋ, ಹಿಡಿದದ್ದನ್ನು ಕೊಯ್ಯದೆ ತೆರೆಯಬೇಕು. ಕೀಲಿಗೆ ಉದ್ದದ ಕೊಳವೆ ಸಿಕ್ಕಿಸಿ ಒಂದೇ ಸಮನೆ ಒತ್ತಿದಾಗ ಕಿರ್ ಎಂದು ಸದ್ದಾಯಿತು. ಚೌಕಟ್ಟು ಸಡಿಲಾಯಿತು, ಹಿತ್ತಾಳೆ ಎರಡು ಹೋಳಾಯಿತು. ಒಳಗೆ ಗಟ್ಟಿ ಬಿಳಿ ಗಾರೆ. ಅದನ್ನು ಚಿಕ್ಕ ಉಳಿಯಿಂದ ಉಗುರಿನಷ್ಟಷ್ಟೇ ಬಿಡಿಸಿದರು. ಮಧ್ಯಾಹ್ನದ ಹೊತ್ತಿಗೆ ಗುಲಾಬಿ ಬಣ್ಣದ ಸಣ್ಣದೊಂದು ತಟ್ಟೆ ಹೊರಗೆ ಬಂತು. ನಾಲ್ಕು ಹಲ್ಲು, ನಿನ್ನೆ ಮಾಡಿದ ಹಾಗಿದ್ದವು.

ಅಜ್ಜ ಅದನ್ನು ಅಂಗಿಯ ತುದಿಯಿಂದ ಒರೆಸಿ, ಹಿತ್ತಲಲ್ಲಿ ಡಬ್ಬಿ ತೊಳೆಯುತ್ತಿದ್ದ ಹೆಂಡತಿಯ ಕೈಗೆ ಕೊಟ್ಟರು.

ಅಜ್ಜಿ ತಮ್ಮ ಬಾಯಲ್ಲಿದ್ದದ್ದನ್ನು ತೆಗೆದು ಪಕ್ಕಕ್ಕಿಟ್ಟು, ಇದನ್ನು ಹಾಕಿ ನೋಡಿದರು. ಕೂರಲಿಲ್ಲ. "ಆಗ ನನ್ನ ಬಾಯಿ ಇಷ್ಟೇ ಇತ್ತು ನೋಡಿ," ಎಂದರು.

"ಮಾಡಿದವನು ಕೆಲಸಗಾರ," ಎಂದರು ಅಜ್ಜ. ಬಹಳ ದಿನದ ಮೇಲೆ ಅವರು ಉಪ್ಪು ನೀರು ಬಿಟ್ಟು ಬೇರೆ ಮಾತಾಡಿದ್ದು ಅದೇ. "ಜೋಡಣೆ ಅಷ್ಟು ಸಲೀಸಲ್ಲ. ನಾನು ಬೀಗ ಅಂದದ್ದು ಸುಮ್ಮನೆ ಅಲ್ಲ."

"ಸುಮ್ಮನೆ ಅಂತ ಯಾರು ಅಂದ್ರು?"

ಹಿತ್ತಾಳೆಯನ್ನೂ ಕಬ್ಬಿಣವನ್ನೂ ಹಳೆಯ ಪಾತ್ರೆಯವನು ತೂಕಕ್ಕೆ ತೆಗೆದುಕೊಂಡ. ಬಂದ ದುಡ್ಡಿಗೆ ಒಂದು ಸೌಟು, ಎರಡು ಮುಚ್ಚಳ ಬಂದವು. ಅಡುಗೆಮನೆ ಮೂರಡಿ ದೊಡ್ಡದಾಯಿತು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಹಿಂದಕ್ಕೆ ತಿರುಗಬಹುದು. ಪ್ರೆಸ್ಸಿನವರು ಉಳಿದರು, ಒಂದು ಹೊಲಿಗೆ ಕಾರ್ಖಾನೆಯವರು ಹೊಸದಾಗಿ ಸೇರಿದರು, ಡಬ್ಬಿ ಮೂವತ್ತೈದಕ್ಕೆ ಬಂದು ನಿಂತಿದೆ. ಗೋದಾ­ಮಿನವರು ತಿರುಗಿ ಬರಲಿಲ್ಲ. ಅಜ್ಜಿ ಈಗ ಬಚ್ಚಲ ಬಾಗಿಲು ಹಾಕುವುದಿಲ್ಲ. ರಾತ್ರಿ ತಟ್ಟೆಯನ್ನು ತೆಗೆದು ನೀರಿನ ಲೋಟದಲ್ಲಿ ಹಾಕಿ, ಎಲ್ಲರ ಕಣ್ಣಿಗೆ ಬೀಳುವ ಕಡೆ ಇಟ್ಟು ಮಲಗುತ್ತಾರೆ. ನನ್ನವಳನ್ನ ನೋಡಿ ಎಂದು ಅಜ್ಜ ಈಗ ಯಾರಿಗೂ ಹೇಳುವುದಿಲ್ಲ. ಹಾಗೆ ಅನ್ನುವುದನ್ನು ಕೇಳುವುದು ಅಜ್ಜಿಗೆ ಇಷ್ಟವಿತ್ತು. ಅಡುಗೆಮನೆ ಸಿಕ್ಕಿತು, ಇಪ್ಪತ್ತು ಡಬ್ಬಿ ಹೋಯಿತು. ಹೊಗಳಿಕೆ ಹೋಯಿತು, ಹೆದರಿಕೆಯೂ ಹೋಯಿತು.